ನೆರೆಯವರಾಗಿ ಬಾಳಿದ ಜೇನ್ ಆಡಮ್ಸ್

ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1860ರಲ್ಲಿ ಜನಿಸಿದ ಕುಮಾರಿ ಜೇನ್ ಆಡಮ್ಸರು ಸಿರಿವಂತರ ಮಗಳು. ಲಂಡನ್ನಿನ ಬಡಕೇರಿಯಲ್ಲಿ ವಿದ್ಯಾವಂತರು ನೆಲಸಿದ್ದ ಟಾಯ್ನ್‌ಬಿ ಹಾಲನ್ನು ಕಂಡುಬಂದ ಅವರು, 1889ರಲ್ಲಿ ಗೆಳತಿ ಎಲೆನ್ ಸ್ಟಾರರೊಡನೆ ಷಿಕಾಗೋ ನಗರದ ಬಡ ವಲಸೆಗಾರರ ನಡುವೆಯೇ ಮನೆಮಾಡಿ ನಿಂತರು. ಅದೇ ಹಲ್ ಹೌಸ್. ದುಡಿಯಹೋಗುವ ತಾಯಂದಿರ ಕೂಸುಗಳಿಗೆ ಶಿಶುವಿಹಾರ, ಕೂಲಿಕಾರರಿಗೆ ರಾತ್ರಿಪಾಠ, ಬೀದಿಯ ಹುಡುಗರಿಗೆ ಆಟದ ಬಯಲು ಅಲ್ಲಿ ದೊರೆತವು. ತಪ್ಪುಗೈದ ಬಾಲಕರನ್ನು ಪ್ರೌಢ ಅಪರಾಧಿಗಳಂತೆ ದಂಡಿಸಲಾಗದೆಂದು ಆ ಮನೆಯವರು ಹೋರಾಡಿದರು. 1899ರಲ್ಲಿ ಆ ದೇಶದ ಮೊದಲ ಬಾಲನ್ಯಾಯಾಲಯವು ಷಿಕಾಗೋದಲ್ಲಿಯೇ ಸ್ಥಾಪಿತವಾಯಿತು. 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದ ಅವರು 1935ರಲ್ಲಿ ದಿವಂಗತರಾದರು.

ಭಿಕ್ಷೆಯು ಒಪ್ಪೊತ್ತಿನ ಹಸಿವನ್ನು ನೀಗೀತು. ನೆರೆಯವರ ಆಸರೆಯು ಸಂಸಾರವನ್ನೇ ನಿಲ್ಲಿಸುವುದು. ದಾರಿತಪ್ಪಿದ ಹುಡುಗರನ್ನು ಹಳಿಯುವ ಮುನ್ನ, ಸಂಜೆ ಹೋಗಿ ಕೂಡಲು ಅವರಿಗೊಂದು ತಾವನ್ನಾದರೂ ಕೊಟ್ಟಿರುವೆವೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.