ಅಡುಗೆ ಪುಸ್ತಕ ಮಾರಿ ಸೇವಾಕೇಂದ್ರ ಕಟ್ಟಿದ ಲಿಝಿ ಕ್ಯಾಂಡರ್

ಮಹಿಳಾ ಸಂಘದವರು ತಮ್ಮ ತಮ್ಮ ಮನೆಯ ಅಡುಗೆಯ ವಿಧಾನಗಳನ್ನು ಒಟ್ಟುಗೂಡಿಸಿ, ಪುಸ್ತಕ ಮಾಡಿ, ಮಾರಿ ಬಂದ ಹಣವನ್ನು ಸೇವಾಕಾರ್ಯಕ್ಕೆ ಕೊಡುವ ಪದ್ಧತಿ ಅಮೆರಿಕದಲ್ಲಿ 1861-65ರ ಅಂತರ್ಯುದ್ಧದ ಕಾಲದಿಂದ ಬೆಳೆದುಬಂತು. ಇಂತಹ ಹೆಚ್ಚಿನ ಪುಸ್ತಕಗಳು ಒಂದೇ ಊರಿನೊಳಗೆ ಮಾರಾಟವಾಗಿ ಮರೆತುಹೋದವು. 1901ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ ಪ್ರಕಟವಾದ 'ದ ಸೆಟ್ಲ್‌ಮೆಂಟ್ ಕುಕ್ ಬುಕ್' ಮಾತ್ರ ಸುಮಾರು 40 ಮುದ್ರಣಗಳನ್ನು ಕಂಡು, 20 ಲಕ್ಷದಷ್ಟು ಪ್ರತಿಗಳು ಖರ್ಚಾದವು. ಅದರ ಹಿಂದಿದ್ದವರು ಲಿಝಿ ಬ್ಲ್ಯಾಕ್ ಕ್ಯಾಂಡರ್. ಕೇಕು, ಬಿಸ್ಕತ್ತುಗಳನ್ನು ಮನೆಯಲ್ಲೇ ಮಾಡುವ ನಮ್ಮ ಓದುಗರಿಗೆ ಈ ಮಹಿಳೆಯ ಬದುಕನ್ನು ಪರಿಚಯಿಸಬೇಕೆಂದು ನಮಗೆ ಅನಿಸಿತು.

ಲಿಝಿ ಹುಟ್ಟಿದ್ದು 1858ರ ಮೇ 28ರಂದು, ಮಿಲ್ವಾಕಿಯಲ್ಲೇ. ಹೆತ್ತವರು ಬಟ್ಟೆ ಅಂಗಡಿ ನಡೆಸುತ್ತಿದ್ದ ಯೆಹೂದಿ ದಂಪತಿ. 1878ರಲ್ಲಿ ಹೈಸ್ಕೂಲು ಮುಗಿಸುವಾಗ ತರಗತಿಗೇ ಮೊದಲಿಗರಾಗಿದ್ದ ಲಿಝಿಗೆ ಬೀಳ್ಕೊಡುಗೆ ಭಾಷಣದ ಗೌರವ ಸಿಕ್ಕಿತು. ತಾನು ದೇಶದ ಅಧ್ಯಕ್ಷೆಯಾದರೆ ಏನೇನು ಮಾಡುವೆ ಎಂಬುದೇ ಅವರು ಆರಿಸಿಕೊಂಡ ವಿಷಯ. ಅಮೆರಿಕದ ಸಂವಿಧಾನ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟದ್ದು 1920ರಲ್ಲಿ ಎಂಬುದನ್ನು ನೆನೆದರೆ ಆ ಹುಡುಗಿಯ ಧೈರ್ಯ ಎಂಥದ್ದೆಂದು ತಿಳಿಯುತ್ತದೆ. 1881ರಲ್ಲಿ ಸೈಮನ್ ಕ್ಯಾಂಡರ್ ಅವರೊಂದಿಗೆ ವಿವಾಹವಾಯಿತು. ಮಕ್ಕಳಾಗಲಿಲ್ಲ.

ಆ ದಿನಗಳಲ್ಲಿ ರಷ್ಯಾ ಮತ್ತು ಪೂರ್ವ ಯುರೋಪಿನಿಂದ ಹಿಂಸೆ, ಬಡತನ ತಾಳಲಾರದೆ ಓಡಿಬಂದ ಯೆಹೂದಿ ಕುಟುಂಬಗಳು ಮಿಲ್ವಾಕಿಯ ಇಕ್ಕಟ್ಟಾದ ಕೇರಿಗಳಲ್ಲಿ ತುಂಬಿಕೊಂಡಿದ್ದವು. 1890ರಿಂದ 1893ರವರೆಗೆ ಶಾಲೆ ತಪ್ಪಿಸುವ ಮಕ್ಕಳ ವಿಚಾರಣೆಯ ಕೆಲಸದಲ್ಲಿದ್ದ ಲಿಝಿ ಆ ಮನೆಗಳ ಬಾಗಿಲು ಬಾಗಿಲಿಗೆ ಹೋದರು, ಒಳಗಿನ ಅವಸ್ಥೆಯನ್ನು ಕಣ್ಣಾರೆ ಕಂಡರು. 1896ರಲ್ಲಿ ಸಮಾನಮನಸ್ಕ ಮಹಿಳೆಯರೊಂದಿಗೆ ಸೇರಿ ಮಿಲ್ವಾಕಿ ಜ್ಯೂಯಿಶ್ ಮಿಷನ್ ಆರಂಭಿಸಿದರು. 1900ರಲ್ಲಿ ಅದು ಇನ್ನೊಂದು ಸಂಘದೊಡನೆ ಕೂಡಿಕೊಂಡು 'ಸೆಟ್ಲ್‌ಮೆಂಟ್' ಎಂಬ ಸೇವಾಕೇಂದ್ರವಾಯಿತು. ಬಡವರ ಕೇರಿಯಲ್ಲೇ ಮನೆ ಮಾಡಿ ಪಾಠ, ಹೊಲಿಗೆ, ಸ್ನಾನದ ವ್ಯವಸ್ಥೆ ಮುಂತಾದವನ್ನು ಒದಗಿಸುವ ಕೇಂದ್ರಗಳಿಗೆ ಅಲ್ಲಿ ಆ ಹೆಸರಿತ್ತು. 1918ರವರೆಗೆ ಲಿಝಿಯವರೇ ಅದರ ಅಧ್ಯಕ್ಷೆ.

ಅಡುಗೆ ಕ್ಲಾಸು ಹೆಣ್ಣುಮಕ್ಕಳಿಗೆ ಬಹಳ ಇಷ್ಟ. ಆದರೆ ಒಂದು ತೊಂದರೆ. ಕರಿಹಲಗೆಯ ಮೇಲೆ ಬರೆದದ್ದನ್ನೆಲ್ಲ ನಕಲು ಮಾಡಿಕೊಳ್ಳುವುದರಲ್ಲೇ ಹೊತ್ತು ಕಳೆದುಹೋಗುತ್ತಿತ್ತು. ಕೈಯಾರೆ ಹಿಟ್ಟು ನಾದುವುದಕ್ಕೆ ಸಮಯ ಉಳಿಯುತ್ತಿರಲಿಲ್ಲ. ಪಾಠಗಳನ್ನು ಅಚ್ಚು ಹಾಕಿಸಿ ಹಂಚೋಣವೆಂದು ಲಿಝಿ ಆಡಳಿತ ಮಂಡಳಿಯ ಮುಂದೆ 18 ಡಾಲರ್ ಕೇಳಿದರು. ಮಂಡಳಿಯ ಗಂಡಸರು ಕೊಡಲಿಲ್ಲ. ಲಾಭವೇನಾದರೂ ಬಂದರೆ ನಮಗೂ ಪಾಲಿರಲಿ ಎಂದು ತಮಾಷೆ ಬೇರೆ ಮಾಡಿದರಂತೆ.

ಲಿಝಿ ಸುಮ್ಮನೆ ಕೂರಲಿಲ್ಲ. ಊರಿನ ವ್ಯಾಪಾರಿಗಳಿಂದ ಜಾಹೀರಾತು ಸಂಗ್ರಹಿಸಿದರು, ಆ ಹಣದಿಂದ ಮುದ್ರಣದ ವೆಚ್ಚ ಹೊಂದಿಸಿದರು. ಕ್ಲಾಸಿನ ಪಾಠಗಳ ಜೊತೆಗೆ ಸ್ನೇಹಿತೆಯರ ಮನೆಯ ವಿಧಾನಗಳೂ ಸೇರಿ 174 ಪುಟಗಳಾದವು. 1,000 ಪ್ರತಿ, ಬೆಲೆ 50 ಸೆಂಟ್. ಸಂಪಾದಕಿಯರ ಹೆಸರು ಅಚ್ಚಾದದ್ದು ಮಿಸೆಸ್ ಸೈಮನ್ ಕ್ಯಾಂಡರ್ ಮತ್ತು ಮಿಸೆಸ್ ಹೆನ್ರಿ ಶೋನ್‌ಫೆಲ್ಡ್ ಎಂದು. ಪುಸ್ತಕ ಹೆಂಗಸರದ್ದಾದರೂ ಹೊದಿಕೆಗೆ ಗಂಡಂದಿರ ಹೆಸರೇ ಬೇಕಾಗಿತ್ತು, ಅಂದಿನ ಕಾಲ ಹಾಗಿತ್ತು. ಪ್ರತಿಗಳು ಬೇಗನೆ ಮುಗಿದು 1903ರಲ್ಲಿ ಎರಡನೆಯ ಮುದ್ರಣ ಬಂತು.

ಪುಸ್ತಕದ ಆರಂಭದಲ್ಲಿರುವುದು ಒಲೆಗೆ ಬೆಂಕಿ ಹಚ್ಚುವುದು, ಪಾತ್ರೆ ತೊಳೆಯುವುದು, ಧೂಳು ಒರೆಸುವುದು ಇತ್ಯಾದಿ. ನಮಗೆ ಹೆಚ್ಚು ಹಿಡಿಸಿದ್ದು ಮಾತ್ರ ಸಿಹಿಯ ಭಾಗ. ಮಿಲ್ವಾಕಿಯಲ್ಲಿ ಜರ್ಮನ್ ಮೂಲದವರು ಬಹಳ. ಅವರ ಯೀಸ್ಟ್ ಹಾಕಿ ಉಬ್ಬಿಸುವ ಕೂಖೆನ್, ಜೇನು ಮತ್ತು ಮಸಾಲೆ ಸೇರಿದ ಲೇಬ್‌ಕೂಖೆನ್, ಬಾದಾಮಿ ಟಾರ್ಟ್ ಎಲ್ಲವೂ ಇಲ್ಲಿವೆ. ಪಾಸ್ಕ ಹಬ್ಬದಲ್ಲಿ ಯೆಹೂದಿಗಳು ಹುಳಿಹಿಟ್ಟು ಮುಟ್ಟುವುದಿಲ್ಲವಷ್ಟೆ, ಅದಕ್ಕಾಗಿ ಹುಳಿಯಿಲ್ಲದ ಮಾತ್ಸಾ ರೊಟ್ಟಿಯ ಪುಡಿಯಿಂದ ಮಾಡುವ ಟಾರ್ಟ್ ಕೂಡ ಇದೆ. ವಿಸ್ಕಾನ್ಸಿನ್‌ನವರು ಇಂದಿಗೂ ಹೆಮ್ಮೆಪಡುವ ಶಾಮ್ ಟಾರ್ಟ್ ಎಂದರೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆಯನ್ನು ನೊರೆಯಾಗುವಂತೆ ಕಡೆದು, ಸ್ವಲ್ಪ ವಿನೆಗರ್ ಸೇರಿಸಿ, ಸಣ್ಣ ಉರಿಯಲ್ಲಿ ಒಣಗಿಸಿದಂತೆ ಬೇಯಿಸಿದ ಗರಿಗರಿ ಸಿಹಿ. ಅದರ ಮೇಲೆ ಸ್ಟ್ರಾಬೆರಿ ಮತ್ತು ಕ್ರೀಮ್. ವಿನೆಗರ್ ನೊರೆ ಕುಸಿಯದಂತೆ ಹಿಡಿದಿಡುತ್ತದೆ. ನಮ್ಮ ಕರಾವಳಿಯಲ್ಲಿ ಇದನ್ನು ಮಾಡಬಯಸುವವರು ಮಳೆಗಾಲ ಕಳೆಯಲು ಬಿಡುವುದು ಒಳ್ಳೆಯದು. ಗಾಳಿಯ ತೇವವನ್ನು ಸಕ್ಕರೆ ಹೀರಿಕೊಂಡರೆ ಗರಿಗರಿ ಹೋಗಿ ಅಂಟಂಟಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಲಿಝಿಯಂತಹ ಹಳೆಯ ನೆಲೆಸಿಗರಿಗೆ ಹೊಸದಾಗಿ ಬಂದ ತಮ್ಮದೇ ಜನರ ಬಗ್ಗೆ ಕನಿಕರವಿದ್ದಷ್ಟೇ ಮುಜುಗರವೂ ಇತ್ತು. ಇವರ ಕೊಳಕು, ಇವರ ಉಡುಗೆ, ಇವರ ಭಾಷೆಯಿಂದ ತಮಗೂ ಕೆಟ್ಟ ಹೆಸರು ಬಂದೀತೆಂಬ ಭಯ. ಆದ್ದರಿಂದ ಆದಷ್ಟು ಬೇಗ ಅಮೆರಿಕನ್ನರನ್ನಾಗಿ ಮಾಡುವುದೇ ಸೆಟ್ಲ್‌ಮೆಂಟಿನ ಗುರಿಯಾಗಿತ್ತು. ಯೆಹೂದಿ ಧರ್ಮ ನಿಷೇಧಿಸಿದ ಚಿಪ್ಪುಮೀನಿನ ಅಡುಗೆಗಳೂ ಪುಸ್ತಕದಲ್ಲಿವೆ. ಶ್ರದ್ಧೆಯಿಂದ ನೇಮ ಪಾಲಿಸುವ ತಾಯಂದಿರು ಆ ಪುಟಗಳನ್ನು ಹೇಗೆ ಕಂಡಿರಬಹುದು? ಸಹಾಯ ಮಾಡುವವರು ಸಹಾಯ ಪಡೆಯುವವರ ಬದುಕನ್ನೇ ತಿದ್ದಲು ಹೊರಡುವುದು ನಮಗೆ ಸರಿ ಕಾಣುವುದಿಲ್ಲ. ಆದರೆ ಅದೇ ಪುಸ್ತಕದಲ್ಲಿ ಮಾತ್ಸಾ ಟಾರ್ಟಿಗೂ ಜಾಗವಿದೆ ಎಂಬುದನ್ನೂ ಮರೆಯಬಾರದು.

ಮಂಡಳಿಯವರ ತಮಾಷೆ ಕೊನೆಗೆ ನಿಜವೇ ಆಯಿತು. ಪುಸ್ತಕದ ಲಾಭದ ನೆರವಿನಿಂದ ಸೆಟ್ಲ್‌ಮೆಂಟಿಗೆ ಹೊಸ ಕಟ್ಟಡ ಎದ್ದು, 1911ರಲ್ಲಿ ಅಬ್ರಹಾಂ ಲಿಂಕನ್ ಹೌಸ್ ಎಂಬ ಹೆಸರಿನಲ್ಲಿ ತೆರೆಯಿತು. ಲಿಝಿ ನಗರದ ಶಾಲಾ ಮಂಡಳಿಯಲ್ಲೂ 1919ರವರೆಗೆ ಸೇವೆ ಸಲ್ಲಿಸಿದರು. ಹೆಣ್ಣುಮಕ್ಕಳಿಗೆ ವೃತ್ತಿ ಕಲಿಸುವ ಶಾಲೆಗಾಗಿ ದುಡಿದರು. ಇಷ್ಟೆಲ್ಲದರ ನಡುವೆ ಪುಸ್ತಕವನ್ನು ಕೈಬಿಡಲಿಲ್ಲ. ಸೌದೆ, ಕಲ್ಲಿದ್ದಲಿನ ಒಲೆ ಹೋಗಿ ಗ್ಯಾಸ್, ವಿದ್ಯುತ್ ಒಲೆ ಬಂದಂತೆ ಮುದ್ರಣದಿಂದ ಮುದ್ರಣಕ್ಕೆ ತಿದ್ದುತ್ತ, ಸೇರಿಸುತ್ತ ಹೋದರು. 1940ರ ಜುಲೈ 24ರಂದು, 82ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕವೂ ಈ ಕೆಲಸ ನಡೆದೇ ಇತ್ತು. ಅವರ ನಂತರವೂ ಪುಸ್ತಕದ ಆದಾಯ ಸೇವಾಕಾರ್ಯಗಳಿಗೇ ಸಂದಿತು.

ಮೊದಲ ಮುದ್ರಣಕ್ಕೆ ಈಗ ಹಕ್ಕುಸ್ವಾಮ್ಯದ ತಡೆಯಿಲ್ಲ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಓದಬಹುದು. ನೋಡಿ ಮಾಡುವವರಿಗೆ ಒಂದು ಸೂಚನೆ: ಆ ಕಾಲದ ಓವನಿಗೆ ಡಿಗ್ರಿ ತೋರಿಸುವ ಗುಂಡಿ ಇರಲಿಲ್ಲ. ಹದವಾದ ಬಿಸಿ ಎಂದು ಬರೆದಿದ್ದರೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಎಂದು ತಿಳಿದುಕೊಂಡರೆ ಸಾಕು. ಕಪ್ಪು, ಚಮಚಗಳ ಅಳತೆಯನ್ನು ಗೋಪುರದಂತೆ ತುಂಬದೆ, ಅಂಚಿಗೆ ಸಮನಾಗಿ ಚಾಕುವಿನಿಂದ ಸವರಿ ತೆಗೆಯಬೇಕು.