ಬಂಧದ ಬಲ ಅಳೆದ ಲೈನಸ್ ಪೌಲಿಂಗ್

ಮಕ್ಕಳೇ, ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ ಎಂಬುದು ನಿಮಗೆ ಗೊತ್ತು. ಅದೇ ದಿನ, 1901ರಲ್ಲಿ, ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಒಬ್ಬ ಮಹಾನ್ ವಿಜ್ಞಾನಿ ಹುಟ್ಟಿದರು. ಅವರೇ ಲೈನಸ್ ಪೌಲಿಂಗ್.

ಲೈನಸ್‌ಗೆ ಒಂಬತ್ತು ವರ್ಷವಾಗಿದ್ದಾಗ ಔಷಧಿ ಅಂಗಡಿ ನಡೆಸುತ್ತಿದ್ದ ತಂದೆ ತೀರಿಕೊಂಡರು. ತಾಯಿ ಕಷ್ಟಪಟ್ಟು ಮೂವರು ಮಕ್ಕಳನ್ನು ಸಾಕಿದರು. ಹದಿಮೂರನೆಯ ವಯಸ್ಸಿನಲ್ಲಿ ಗೆಳೆಯನೊಬ್ಬ ಸಕ್ಕರೆಗೆ ಗಂಧಕಾಮ್ಲ ಹಾಕಿ ತೋರಿಸಿದ. ಬಿಳಿ ಸಕ್ಕರೆ ಕಪ್ಪು ಇದ್ದಿಲಾಯಿತು! (ಇದನ್ನು ನೀವು ಮಾಡಬೇಡಿ, ಆಮ್ಲ ಮೈ ಸುಡುತ್ತದೆ.) ಅಂದೇ ಆತ ರಸಾಯನವಿಜ್ಞಾನಿಯಾಗಲು ನಿಶ್ಚಯಿಸಿದ. ಮನೆಗೆ ಹಣ ಬೇಕಾದಾಗ ಒಂದು ವರ್ಷ ಓದು ನಿಲ್ಲಿಸಿ, ತಾನು ಕಲಿಯುತ್ತಿದ್ದ ಕಾಲೇಜಿನಲ್ಲೇ ಪಾಠ ಹೇಳಿದ. 1925ರಲ್ಲಿ ಡಾಕ್ಟರೇಟ್ ಪಡೆದ.

ಎರಡು ಪರಮಾಣುಗಳು ಇಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಕೂಡುವುದೇ ಸಹವೇಲೆನ್ಸಿ ಬಂಧ. ಕೆಲವು ಬಂಧಗಳು ಗಟ್ಟಿ, ಕೆಲವು ಸಡಿಲ. ಏಕೆ?

ಪೌಲಿಂಗ್ ಹಾಕಿದ ಲೆಕ್ಕ ನೋಡಿ. 2 ಗ್ರಾಂ ಹೈಡ್ರೋಜನ್‌ನಲ್ಲಿರುವ ಬಂಧಗಳನ್ನೆಲ್ಲ ಮುರಿಯಲು ಸುಮಾರು 436 ಕಿಲೋಜೂಲ್ ಶಕ್ತಿ ಬೇಕು. ಅಷ್ಟೇ ಸಂಖ್ಯೆಯ ಕ್ಲೋರಿನ್ ಬಂಧಗಳಿಗೆ 242. ಸರಾಸರಿ 339. ಆದರೆ ಹೈಡ್ರೋಜನ್ ಮತ್ತು ಕ್ಲೋರಿನ್ ನಡುವಿನ ಬಂಧಗಳಿಗೆ 431 ಬೇಕು! ಹೆಚ್ಚಿನ 92 ಎಲ್ಲಿಂದ ಬಂತು? ಕ್ಲೋರಿನ್ ಇಲೆಕ್ಟ್ರಾನ್ ಜೋಡಿಯನ್ನು ತನ್ನತ್ತ ಹೆಚ್ಚು ಸೆಳೆಯುತ್ತದೆ. ಆಗ ಬಂಧದ ಒಂದು ತುದಿ ಸ್ವಲ್ಪ ಋಣ, ಇನ್ನೊಂದು ಸ್ವಲ್ಪ ಧನ ಆಗುತ್ತದೆ. ಇವುಗಳ ಆಕರ್ಷಣೆಯಿಂದ ಬಂಧ ಬಿಗಿಯಾಗುತ್ತದೆ. ಈ ಸೆಳೆಯುವ ಗುಣವೇ ವಿದ್ಯುದೃಣತೆ. 1932ರಲ್ಲಿ ಪೌಲಿಂಗ್ ಇದಕ್ಕೊಂದು ಅಳತೆಪಟ್ಟಿ ರಚಿಸಿದರು. ಅದರಲ್ಲಿ ಫ್ಲೋರಿನ್‌ಗೆ ಮೊದಲ ಸ್ಥಾನ.

ಹಂಚಿಕೊಂಡ ಜೋಡಿಗಳು ಹೆಚ್ಚಾದರೂ ಬಂಧ ಗಟ್ಟಿಯಾಗುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೊಲಗಳ ಮೇಲಿನ ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದೆ. ಆದರೂ ಬೆಳೆಗಳು ಅದನ್ನು ನೇರವಾಗಿ ಬಳಸಲಾರವು. ಅದರ ಎರಡು ಪರಮಾಣುಗಳನ್ನು ಮೂರು ಜೋಡಿಗಳು ಬಿಗಿದಿವೆ. ಕಡಲೆ, ಶೇಂಗಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಆ ಬಂಧ ಬಿಡಿಸಿ ಗಿಡಕ್ಕೆ ಆಹಾರ ಒದಗಿಸುತ್ತವೆ. ಶೇಂಗಾ ಕೀಳುವಾಗ ಆ ಗಂಟುಗಳನ್ನು ನೀವೇ ನೋಡಿ.

1939ರಲ್ಲಿ ಪೌಲಿಂಗ್ ರಾಸಾಯನಿಕ ಬಂಧಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಬೆಂಗಳೂರಿನಲ್ಲಿ ಹುಟ್ಟಿದ ಭಾರತರತ್ನ ಸಿ.ಎನ್.ಆರ್. ರಾವ್ ಅದನ್ನು ಓದಿ ಸ್ಫೂರ್ತಿ ಪಡೆದರು. 1954ರಲ್ಲಿ ಪೌಲಿಂಗ್‌ಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಅಣುಬಾಂಬ್ ಪರೀಕ್ಷೆಯ ವಿಕಿರಣ ಹುಟ್ಟುವ ಮಕ್ಕಳಿಗೆ ಕೇಡು ಎಂದು ಅವರು ಎಚ್ಚರಿಸಿದರು. ಅವರ ನಿಲುವುಗಳನ್ನು ಸಂಶಯಿಸಿ 1952ರಲ್ಲಿ ಸರ್ಕಾರ ಪಾಸ್‌ಪೋರ್ಟ್ ನಿರಾಕರಿಸಿತ್ತು. ಅವರು ಹೆದರಲಿಲ್ಲ. 9,000ಕ್ಕೂ ಹೆಚ್ಚು ವಿಜ್ಞಾನಿಗಳ ಸಹಿ ಸಂಗ್ರಹಿಸಿ 1958ರಲ್ಲಿ ವಿಶ್ವಸಂಸ್ಥೆಗೆ ಒಪ್ಪಿಸಿದರು. ವಾತಾವರಣದಲ್ಲಿ ಅಣು ಪರೀಕ್ಷೆ ನಿಷೇಧಿಸುವ ಒಪ್ಪಂದ 1963ರಲ್ಲಿ ಜಾರಿಗೆ ಬಂದ ದಿನವೇ ಅವರಿಗೆ 1962ರ ಶಾಂತಿ ನೊಬೆಲ್ ಘೋಷಣೆಯಾಯಿತು.

ಯಾರೊಂದಿಗೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದ ವ್ಯಕ್ತಿ ಅವರೊಬ್ಬರೇ. 1994ರ ಆಗಸ್ಟ್ 19ರಂದು ಅವರು ನಿಧನರಾದರು. ಈ ಬಾರಿಯ ವಿಜ್ಞಾನ ದಿನದಂದು ರಾಮನ್‌ರ ಜೊತೆಗೆ ಪೌಲಿಂಗ್‌ರನ್ನೂ ನೆನೆಯೋಣವೇ?