ಅನ್ನ ನೀರಿನ ಅರಿವು: ಚರಿತ್ರೆಕಾರ ಫಿರಿಶ್ತಾ



ಮುಹಮ್ಮದ್ ಕಾಸಿಮ್ ಫಿರಿಶ್ತಾ ಎಂಬ ಹೆಸರನ್ನು ನೀವು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿರಬಹುದು. ಬಹಮನಿ ಸುಲ್ತಾನರ ಕುರಿತು, ವಿಜಯನಗರದ ಅರಸರ ಕುರಿತು, ಬಿಜಾಪುರದ ಆದಿಲ್‌ಶಾಹಿಗಳ ಕುರಿತು ಬರೆಯಹೊರಟವರು ಇಂದಿಗೂ ಅವರ ಗ್ರಂಥವನ್ನು ತೆರೆಯದೆ ಮುಂದೆ ಹೋಗುವಂತಿಲ್ಲ. ಆದರೆ ಅದೇ ಫಿರಿಶ್ತಾ ಅವರು ಆಹಾರ ಮತ್ತು ಔಷಧಗಳ ವಿಷಯದಲ್ಲಿಯೂ ಒಂದು ಗ್ರಂಥ ರಚಿಸಿದ್ದಾರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಬದುಕಿದ್ದ ಕಾಲದಲ್ಲಿ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನಮ್ಮ ದೋಆಬ್ ಸೀಮೆ ಬಿಜಾಪುರ ರಾಜ್ಯಕ್ಕೆ ಸೇರಿತ್ತು. ಆದ್ದರಿಂದ ಅವರು ಪರಕೀಯರಲ್ಲ, ನಮ್ಮ ನಾಡಿನವರೇ. ಅವರ ಬದುಕಿನಿಂದ ನಮ್ಮ ದಸ್ತರ್‌ಖಾನಿಗೆ ಏನು ಪಾಠ ಸಿಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಫಿರಿಶ್ತಾ ಅವರು ಹುಟ್ಟಿದ್ದು 16ನೇ ಶತಮಾನದ ಉತ್ತರಾರ್ಧದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದ್ ಎಂಬ ಊರಿನಲ್ಲಿ. ತಂದೆ ಗುಲಾಮ್ ಅಲಿ ಹಿಂದೂ ಶಾಹ್ ವಿದ್ವಾಂಸರಾಗಿದ್ದರು. ಮಗ ಇನ್ನೂ ಬಾಲಕನಾಗಿರುವಾಗಲೇ ಅವರು ದಖ್ಖನಿಗೆ ಬಂದು, ಅಹಮದ್‌ನಗರದ ಸುಲ್ತಾನ್ ಮುರ್ತಜಾ ನಿಜಾಮ್ ಶಾಹನ ಮಗ ಮೀರಾನ್ ಹುಸೇನನಿಗೆ ಪಾರಸಿ ಕಲಿಸುವ ಉಸ್ತಾದರಾದರು. ಸ್ವಲ್ಪ ಕಾಲದಲ್ಲಿಯೇ ತಂದೆ ತೀರಿಹೋದರು. ಅನಾಥನಾದ ಹುಡುಗನನ್ನು ಅರಮನೆ ಕೈಬಿಡಲಿಲ್ಲ. ರಾಜಕುಮಾರನ ಜೊತೆಯಲ್ಲಿಯೇ ಅವನ ಓದು ಸಾಗಿತು. ಬೆಳೆದ ಮೇಲೆ ಸುಲ್ತಾನನ ಕಾವಲು ಪಡೆಯ ನಾಯಕತ್ವವೂ ದೊರೆಯಿತು.

ಆದರೆ ಅರಮನೆಯ ಸುಖ ಎಷ್ಟು ದಿನದ್ದು? 1588ರಲ್ಲಿ ಮೀರಾನ್ ಹುಸೇನನು ತಂದೆಯ ವಿರುದ್ಧವೇ ಎದ್ದು ಸಿಂಹಾಸನ ಕಸಿದುಕೊಂಡನು. ಆ ಹೊತ್ತಿನಲ್ಲಿ ಕಾವಲಿನಲ್ಲಿದ್ದವರು ಫಿರಿಶ್ತಾ. ಕತ್ತಿ ಮೇಲೆತ್ತಿ ಬಂದವರ ನಡುವೆ ರಾಜಕುಮಾರನು ತನ್ನ ಬಾಲ್ಯದ ಸಹಪಾಠಿಯನ್ನು ಗುರುತಿಸಿದ್ದರಿಂದ ಅವರ ಜೀವ ಉಳಿಯಿತು. ಮರುವರ್ಷವೇ ಆ ಹೊಸ ಸುಲ್ತಾನನೂ ಕೊಲೆಯಾದನು. ಆಶ್ರಯ ಕಳೆದುಕೊಂಡ ಫಿರಿಶ್ತಾ 1589ರಲ್ಲಿ ಬಿಜಾಪುರದ ದಾರಿ ಹಿಡಿದರು. ಅಲ್ಲಿ ಎರಡನೇ ಇಬ್ರಾಹೀಮ್ ಆದಿಲ್ ಶಾಹ್ ಆಳುತ್ತಿದ್ದನು. ಕಾಲಾನಂತರ ಸುಲ್ತಾನನು ಅವರ ಯೋಗ್ಯತೆಯನ್ನು ಕಂಡು, ಹಿಂದುಸ್ತಾನದ ಮುಸ್ಲಿಮ್ ಅರಸರ ಸಮಗ್ರ ಚರಿತ್ರೆ ಬರೆಯುವ ಕೆಲಸವನ್ನು ಒಪ್ಪಿಸಿದನು. ಹತ್ತಾರು ಹಳೆಯ ಗ್ರಂಥಗಳನ್ನು ಓದಿ, ವರ್ಷಗಟ್ಟಲೆ ದುಡಿದು ಅವರು ಸಿದ್ಧಪಡಿಸಿದ ಕೃತಿಯ ಹೆಸರು ಗುಲ್ಶನೆ ಇಬ್ರಾಹೀಮಿ. ಅದು 1606ರ ಹೊತ್ತಿಗೆ ಸುಲ್ತಾನನ ಕೈ ಸೇರಿತು. ಜನ ಅದನ್ನು ತಾರೀಖೆ ಫಿರಿಶ್ತಾ ಎಂದೇ ಕರೆಯುತ್ತಾರೆ.

ಇನ್ನೊಂದು ಗ್ರಂಥವೇ ದಸ್ತೂರುಲ್ ಅತಿಬ್ಬಾ. ಇದಕ್ಕೆ ಇಖ್ತಿಯಾರಾತೆ ಕಾಸಿಮಿ ಎಂಬ ಹೆಸರೂ ಇದೆ. ಪಾರಸಿಯಲ್ಲಿ ಬರೆದ ಈ ಗ್ರಂಥದ ವಿಷಯ ಭಾರತೀಯ ವೈದ್ಯ, ಅಂದರೆ ಆಯುರ್ವೇದ. ಪೀಠಿಕೆಯಲ್ಲಿ ಶರೀರ ಮತ್ತು ಅದರ ದೋಷಗಳ ವಿವರಣೆ. ಅನಂತರ ಮೂರು ಭಾಗಗಳು: ಮೊದಲನೆಯದರಲ್ಲಿ ಆಹಾರ ಪದಾರ್ಥಗಳು ಮತ್ತು ಮೂಲಿಕೆಗಳ ಗುಣ, ಎರಡನೆಯದರಲ್ಲಿ ಬೆರೆಸಿ ಮಾಡುವ ಔಷಧಗಳು, ಮೂರನೆಯದರಲ್ಲಿ ರೋಗಗಳ ಚಿಕಿತ್ಸೆ. ಕೊನೆಯಲ್ಲಿ ರುಚಿಗಳ ವಿಷಯ ಮತ್ತು ಬೇರೆ ಬೇರೆ ನೆಲದ ಸ್ವಭಾವದ ವಿಷಯ.

ಓದುಗರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಪಾರಸಿ ಓದಿದ ವಿದ್ವಾಂಸರಿಗೆ ಯುನಾನಿ ವೈದ್ಯದ ಗ್ರಂಥಗಳ ಕೊರತೆ ಇರಲಿಲ್ಲ. ಇಬ್ನ್ ಸೀನಾ ಅವರ ಅಲ್ ಕಾನೂನ್ ಹಕೀಮರಿಗೆ ಪರಿಚಿತವಾಗಿತ್ತು. ಹಾಗಿದ್ದರೂ ಫಿರಿಶ್ತಾ ಈ ನೆಲದ ವೈದ್ಯರ ಬಳಿ ಇರುವ ತಿಳಿವಳಿಕೆಯನ್ನು ಕಲಿಯಲು ಹೊರಟರು. ನೆಲ ಬೇರೆ, ಬಿಸಿಲು ಬೇರೆ, ಬೆಳೆ ಬೇರೆ. ಅಸ್ತರಾಬಾದಿನಲ್ಲಿ ಮೈಗೆ ಒಗ್ಗುವುದು ಬಿಜಾಪುರದಲ್ಲಿ ಒಗ್ಗಲೇಬೇಕೆಂದಿಲ್ಲ. ಇಲ್ಲಿನ ಕಾಳು, ಸೊಪ್ಪು, ಬೇರುಗಳನ್ನು ತಲೆತಲಾಂತರದಿಂದ ಬಲ್ಲವರು ಇಲ್ಲಿನವರೇ. ನೆರೆಯವನ ಧರ್ಮ ಬೇರೆ ಎಂಬ ಕಾರಣಕ್ಕೆ ಅವನ ಅನುಭವದ ಜ್ಞಾನವನ್ನು ಅವರು ತಳ್ಳಿಹಾಕಲಿಲ್ಲ. ವಿನಯದಿಂದ ಕಲಿತು, ತನ್ನವರಿಗೆ ತಿಳಿಯುವ ಭಾಷೆಯಲ್ಲಿ ಬರೆದಿಟ್ಟರು. ಜ್ಞಾನಾರ್ಜನೆಯ ದಾರಿ ಇದಲ್ಲವೇ?

ನಮ್ಮ ಮನೆಗಳ ಒಂದು ಉದಾಹರಣೆ ಕೊಡುತ್ತೇನೆ. ಮಾನ್ವಿಯ ಸಂತೆಯಲ್ಲಿ ರೈತ ಹೆಂಗಸು ಪುಂಡಿಪಲ್ಯ ಎಂದು ಮಾರುವ ಸೊಪ್ಪನ್ನೇ ನಮ್ಮ ತಾಯಂದಿರು ಅಂಬಾಡೆ ಕೀ ಭಾಜಿ ಎಂದು ಬೇಯಿಸುತ್ತಾರೆ. ಹೆಸರು ಎರಡು, ಸೊಪ್ಪು ಒಂದು, ಅದು ಕೊಡುವ ಬಲವೂ ಒಂದು. ಅಡುಗೆಮನೆಯಲ್ಲಿ ನಾವೂ ನೆರೆಯವರೂ ಹೀಗೆ ಎಂದೋ ಒಂದಾಗಿದ್ದೇವೆ.

ಇನ್ನು ಪಾನೀಯದ ವಿಷಯಕ್ಕೆ ಬರೋಣ. ಫಿರಿಶ್ತಾ ಅವರ ಚರಿತ್ರೆಯಲ್ಲಿ ನಮ್ಮ ರಾಯಚೂರಿಗೆ ಸಂಬಂಧಿಸಿದ ಒಂದು ಘಟನೆ ಇದೆ. 1520ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನು ರಾಯಚೂರು, ಮುದಗಲ್ ಕೋಟೆಗಳಿಗಾಗಿ ಕೃಷ್ಣದೇವರಾಯನ ಮೇಲೆ ದಂಡೆತ್ತಿ ಬಂದು ಕೃಷ್ಣೆಯ ದಡದಲ್ಲಿ ಬೀಡುಬಿಟ್ಟನು. ಫಿರಿಶ್ತಾ ಹೇಳುವ ಪ್ರಕಾರ, ಡೇರೆಯಲ್ಲಿ ಮದ್ಯದ ಬಟ್ಟಲು ಸುತ್ತುತ್ತಿರುವಾಗ ಸುಲ್ತಾನನಿಗೆ ಆಗಲೇ ನದಿ ದಾಟಬೇಕೆಂಬ ಹಟ ಹುಟ್ಟಿತು. ಸಾಕಷ್ಟು ತೆಪ್ಪಗಳು ಸಿದ್ಧವಾಗಿರಲಿಲ್ಲ. ತಿಳಿದವರು ಬೇಡವೆಂದರೂ ಅಮಲಿನಲ್ಲಿದ್ದವನಿಗೆ ಅದು ಕೇಳಿಸಲಿಲ್ಲ. ದಾಟಿದ ಸಣ್ಣ ಪಡೆ ದೊಡ್ಡ ಸೈನ್ಯದೆದುರು ನಿಲ್ಲಲಾರದೆ ಸೋತಿತು. ಹಿಂದಿರುಗುವಾಗ ಅದೆಷ್ಟೋ ಜನ ನದಿಯ ಪಾಲಾದರು. ಆಮೇಲೆ ಸುಲ್ತಾನನು ಪಶ್ಚಾತ್ತಾಪಪಟ್ಟು, ಈ ಎರಡು ಕೋಟೆಗಳು ಕೈಸೇರುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದನು. ಹತ್ತು ವರ್ಷಗಳ ಬಳಿಕ ಕೋಟೆಗಳು ಸಿಕ್ಕವು. ಸಿಕ್ಕ ಕೂಡಲೇ ಮತ್ತೆ ಬಟ್ಟಲು ಎತ್ತಿದನು! ಈ ಯುದ್ಧವನ್ನು ಪೋರ್ಚುಗೀಸರ ನೂನಿಜ್ ಬೇರೆಯದೇ ರೀತಿಯಲ್ಲಿ ವರ್ಣಿಸಿದ್ದಾನೆ, ನಿಜ. ಆದರೆ ಬಿಜಾಪುರದ ಆಸ್ಥಾನದಲ್ಲಿಯೇ ಕುಳಿತು, ಅದೇ ಮನೆತನದ ಅರಸನ ಸೋಲಿಗೆ ಮದ್ಯವನ್ನು ಕಾರಣವೆಂದು ಬರೆಯುವ ಧೈರ್ಯ ಫಿರಿಶ್ತಾ ಅವರಿಗಿತ್ತು. ಷರತ್ತು ಹಾಕಿ ಬಿಟ್ಟ ಚಟ ಷರತ್ತು ಮುಗಿದ ದಿನವೇ ಮರಳಿ ಬರುತ್ತದೆ ಎಂಬುದನ್ನೂ ಈ ಘಟನೆ ತೋರಿಸುತ್ತದೆ.

ಎರಡನೆಯ ಘಟನೆ ಅವರು ಬಹಳ ಹತ್ತಿರದಿಂದ ಕಂಡದ್ದು. 1604ರಲ್ಲಿ ಇಬ್ರಾಹೀಮ್ ಆದಿಲ್ ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಟ್ಟು ಮದುವೆ ಮಾಡಲಾಯಿತು. ಮದುಮಗಳ ಪಾಲಕಿಯ ಜೊತೆ ಗೋದಾವರಿ ದಡದ ಪೈಠಣದವರೆಗೆ, ಅಲ್ಲಿಂದ ಬುರ್ಹಾನ್‌ಪುರದವರೆಗೆ ಹೋದವರಲ್ಲಿ ಫಿರಿಶ್ತಾ ಅವರೂ ಒಬ್ಬರು. ದಾನಿಯಾಲ್ ಕುಡಿತಕ್ಕೆ ದಾಸನಾಗಿದ್ದನು. ತಂದೆ ಕಾವಲಿಟ್ಟರೂ ಸೇವಕರು ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿ ತಂದುಕೊಟ್ಟರೆಂದು ಜಹಾಂಗೀರನ ಆತ್ಮಕಥೆಯಿಂದ ತಿಳಿಯುತ್ತದೆ. ಮದುವೆಯ ಮರುವರ್ಷ, 1605ರಲ್ಲಿ, ಆ ಯುವಕ ಸತ್ತನು. ಬಿಜಾಪುರದ ಮಗಳು ಹೋದಷ್ಟೇ ಬೇಗ ವಿಧವೆಯಾದಳು. ಚಕ್ರವರ್ತಿಯ ಮನೆಯಲ್ಲಿ ಹಕೀಮರಿಗೆ ಕೊರತೆಯಿತ್ತೇ? ಕೊರತೆ ಇದ್ದದ್ದು ಸಂಯಮಕ್ಕೆ. ನಿಮ್ಮ ಮಗಳಿಗೆ ಸಂಬಂಧ ನೋಡುವಾಗ ಹುಡುಗನ ಸಂಬಳದ ಜೊತೆಗೆ ಅವನ ಚಟಗಳನ್ನೂ ವಿಚಾರಿಸಿ ಎಂದು ಬೇರೆ ಹೇಳಬೇಕಾಗಿಲ್ಲ.

ಇದೇ ಮದುವೆಯ ದಿಬ್ಬಣದ ಜೊತೆ ಇನ್ನೊಂದು ವಸ್ತುವೂ ಉತ್ತರಕ್ಕೆ ಪ್ರಯಾಣ ಮಾಡಿತು. ಅದು ತಂಬಾಕು. ಮದುಮಗಳನ್ನು ಕರೆದೊಯ್ಯಲು ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ಮೊದಲ ಬಾರಿ ತಂಬಾಕನ್ನು ಕಂಡು, ಚೆಂದದ ಹುಕ್ಕದೊಂದಿಗೆ ಅಕ್ಬರನಿಗೆ ಒಪ್ಪಿಸಿದನು. ಅರಮನೆಯ ಹಕೀಮನು, ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲದ, ಪರೀಕ್ಷೆಯಾಗದ ವಸ್ತುವನ್ನು ಸೇವಿಸುವುದು ಸರಿಯಲ್ಲವೆಂದು ತಡೆದನು. ಅಕ್ಬರನು ನಿಲ್ಲಿಸಿದನು, ಆದರೆ ಅಮೀರರು ನಿಲ್ಲಿಸಲಿಲ್ಲ. 1617ರಲ್ಲಿ ಜಹಾಂಗೀರನು ನಿಷೇಧ ಹೊರಡಿಸುವ ಹೊತ್ತಿಗೆ ಅದು ಎಲ್ಲೆಡೆ ಹರಡಿತ್ತು. ನಾಲ್ಕು ನೂರು ವರ್ಷಗಳ ನಂತರ ನಮ್ಮ ಸರಕಾರವೂ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೂ ನಮ್ಮ ಓಣಿಯ ಹುಡುಗರ ಬಾಯಿ ಖಾಲಿಯಾಗಿದೆಯೇ? ಬಾಯಿಯ ಕ್ಯಾನ್ಸರಿಗೆ ಇದೇ ದೊಡ್ಡ ಕಾರಣವೆಂದು ಇಂದು ವೈದ್ಯರು ನಿಸ್ಸಂಶಯವಾಗಿ ಹೇಳುತ್ತಾರೆ. ಸರಕಾರದ ಆಜ್ಞೆ ಅಂಗಡಿಯ ಬಾಗಿಲವರೆಗೆ ಮಾತ್ರ ಬರುತ್ತದೆ. ಮನೆಯೊಳಗೆ ಆಜ್ಞೆ ಮಾಡಬೇಕಾದವರು ತಂದೆ ತಾಯಿ. ಜರ್ದಾ ಜಗಿಯುವ ತಂದೆಯ ಮಾತನ್ನು ಮಗ ಕೇಳುವನೇ?

ಫಿರಿಶ್ತಾ ಅವರ ಗ್ರಂಥದಲ್ಲಿರುವುದೆಲ್ಲವೂ ಇಂದಿಗೂ ಚಿಕಿತ್ಸೆಯಾಗಿ ನಡೆಯುತ್ತದೆಂದು ಯಾರೂ ತಿಳಿಯಬಾರದು. ದೋಷಗಳ ಲೆಕ್ಕದಿಂದ ರೋಗವನ್ನು ಗುರುತಿಸುವ ಕಾಲ ದಾಟಿ ವಿಜ್ಞಾನ ಬಹಳ ಮುಂದೆ ಬಂದಿದೆ. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಹೋಗಬೇಕು, ಹಳೆಯ ಕಿತಾಬು ತೆರೆದು ಕೂರಬಾರದು. ಆದರೆ ಅವರ ಕ್ರಮವನ್ನು ನಾವು ತೆಗೆದುಕೊಳ್ಳಬಹುದು: ನೀವಿರುವ ನೆಲವನ್ನು ನೋಡಿ, ಅಲ್ಲಿ ಬೆಳೆಯುವುದನ್ನು ತಿಳಿಯಿರಿ, ಅಲ್ಲಿಯ ನೀರನ್ನು ಅರಿಯಿರಿ, ಬಲ್ಲವರನ್ನು ಕೇಳಿ.

ಹಾಗೆ ನೋಡಿದರೆ ನಮ್ಮ ನೆಲದಲ್ಲಿ ಏನು ಕಾಣುತ್ತದೆ? ಇದು ಜೋಳದ ಸೀಮೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿಯ ಕಡೆ ಭತ್ತದ ಗದ್ದೆಗಳಾದವು. ನಾರಾಯಣಪುರದ ಕಾಲುವೆ ದೇವದುರ್ಗಕ್ಕೆ ನೀರು ತಂದಿತು. ರೈತನ ಕೈಗೆ ನಾಲ್ಕು ಕಾಸು ಬಂದದ್ದು ಸಂತೋಷದ ವಿಷಯ. ಆದರೆ ಹಲವು ಮನೆಗಳಲ್ಲಿ ರೊಟ್ಟಿ ಬಡಿಯುವ ಸದ್ದು ಕಡಿಮೆಯಾಗಿ, ಮೂರು ಹೊತ್ತೂ ಪಾಲಿಶ್ ಅಕ್ಕಿಯ ಅನ್ನವಾಗಿದೆ. ಜೋಳದ ರೊಟ್ಟಿಯಲ್ಲಿ ನಾರಿನಂಶ ಹೆಚ್ಚು, ನಿಧಾನವಾಗಿ ಜೀರ್ಣವಾಗುತ್ತದೆ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಜೋಳವೊಂದೇ ಸಾಕೆಂದೂ ಅಲ್ಲ. ಬೇರೇನೂ ಸಿಗದೆ ಜೋಳವನ್ನಷ್ಟೇ ತಿಂದು ಬದುಕಿದ ದಖ್ಖನದ ಬಡವರಲ್ಲಿ ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರಾ ರೋಗವನ್ನು 1960ರ ದಶಕದಲ್ಲಿ ಹೈದರಾಬಾದಿನ ಸಂಶೋಧಕರು ಗುರುತಿಸಿದ್ದರು. ರೊಟ್ಟಿಯ ಜೊತೆ ಬೇಳೆ, ಪುಂಡಿಪಲ್ಯ, ಶೇಂಗಾ ಚಟ್ನಿ, ಒಂದು ಲೋಟ ಮಜ್ಜಿಗೆ ಇದ್ದರೆ ಊಟ ಪೂರ್ಣವಾಗುತ್ತದೆ. ಇವು ಯಾವುವೂ ಶ್ರೀಮಂತರ ಪದಾರ್ಥಗಳಲ್ಲ.

ಚಹಾದ ಮಾತೂ ಹೇಳಲೇಬೇಕು. ಫಿರಿಶ್ತಾ ಅವರ ಕಾಲದ ಬಿಜಾಪುರದ ಮನೆಗಳಲ್ಲಿ ಚಹಾ ಇರಲಿಲ್ಲ. ಇಂದು ಅದಿಲ್ಲದೆ ಬೆಳಗಾಗುವುದಿಲ್ಲ. ಕುಡಿಯಬೇಡಿ ಎನ್ನುವುದಿಲ್ಲ. ಆದರೆ ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಚಹಾ ಕುಡಿದರೆ ಬೇಳೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮೊದಲೇ ರಕ್ತ ಕಡಿಮೆಯಿರುವ ಹೆಣ್ಣುಮಕ್ಕಳು, ಬಸುರಿಯರು ಒಂದು ಗಂಟೆಯಾದರೂ ಅಂತರವಿಡಲಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ದಿನಕ್ಕೆ ಐದು ಸಲ, ಸಲಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಹತ್ತು ಚಮಚ ಸಕ್ಕರೆಯಾಗುತ್ತದೆಂಬ ಲೆಕ್ಕವನ್ನೂ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಇದೆ. ದೇವದುರ್ಗ, ಮಾನ್ವಿ ತಾಲೂಕುಗಳೂ ಇದಕ್ಕೆ ಹೊರತಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ನೀರನ್ನು ಪರೀಕ್ಷೆಗೆ ಕೊಡಿಸುವುದು, ಕುಡಿಯಲು ಅಡುಗೆಗೆ ನದಿ ನೀರನ್ನೋ ಶುದ್ಧೀಕರಣ ಘಟಕದ ನೀರನ್ನೋ ಬಳಸುವುದು, ಇವೇ ದಾರಿಗಳು. ಆದರೆ ರೋಗಾಣುಗಳ ವಿಷಯ ಬೇರೆ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಎಷ್ಟೋ ಜನ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅಂಥ ನೀರಿಗೆ ಕುದಿಸುವುದೇ ಮದ್ದು. ಯಾವ ದೋಷಕ್ಕೆ ಯಾವ ಉಪಾಯ ಎಂಬುದನ್ನು ಮನೆಯ ಹಿರಿಯರೂ ಹೆಣ್ಣುಮಕ್ಕಳೂ ತಿಳಿದಿರಬೇಕು. ನಿಮ್ಮ ಓಣಿಯ ನೀರು ಕೆಟ್ಟಿದ್ದರೆ ಸುಮ್ಮನಿರದೆ, ನೆರೆಹೊರೆಯವರೆಲ್ಲರನ್ನೂ ಕೂಡಿಕೊಂಡು ಪಂಚಾಯತಿಗೋ ನಗರಸಭೆಗೋ ಹೋಗಿ ಕೇಳಬೇಕು. ಒಂದೇ ನೀರನ್ನು ಎಲ್ಲ ಧರ್ಮದವರ ಮಕ್ಕಳೂ ಕುಡಿಯುತ್ತಾರೆ.

ಫಿರಿಶ್ತಾ ಅವರು 17ನೇ ಶತಮಾನದ ಆರಂಭದ ದಶಕಗಳವರೆಗೆ ಬಾಳಿದರು. ಅವರು ಸೇವೆ ಮಾಡಿದ ರಾಜ್ಯ 1686ರಲ್ಲಿ ಔರಂಗಜೇಬನ ವಶವಾಗಿ ಮುಗಿದುಹೋಯಿತು. ಅರಸರು ಹೋದರು, ಬರೆದಿಟ್ಟದ್ದು ಉಳಿಯಿತು. ದೂರದ ನಾಡಿನಿಂದ ಬಂದವರು ಈ ನೆಲದ ಅನ್ನ ನೀರನ್ನು ಇಷ್ಟು ಕಾಳಜಿಯಿಂದ ಅರಿತುಕೊಂಡಿರುವಾಗ, ಇಲ್ಲಿಯೇ ಹುಟ್ಟಿ ಬೆಳೆದ ನಾವು ನಮ್ಮ ಬಟ್ಟಲಿನಲ್ಲಿ ಏನಿದೆ, ನಮ್ಮ ಕೊಡದಲ್ಲಿ ಏನಿದೆ ಎಂದು ವಿಚಾರಿಸದೆ ಇರುವುದು ಸರಿಯೇ? ಈ ದೇಹ ನಮಗೆ ದೊರೆತ ಅಮಾನತ್. ಅದರ ಲೆಕ್ಕ ಕೊಡಬೇಕಾದವರು ನಾವೇ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಈ ವಿಷಯವನ್ನು ಮನೆಮಂದಿಯೊಂದಿಗೆ ಮಾತಾಡಿ.